ಹಳೆಯ ಟಿವಿ ಕಾರ್ಯಕ್ರಮದಲ್ಲಿ ಕಂಡ ಕಂಪ್ಯೂಟರ್ ಯಾವುದು? ಗುರುತು ಹಿಡಿಯುವ ವಿಧಾನ

1982ರ ಜನವರಿ 11ರಂದು ಬಿಬಿಸಿಯ ಎರಡನೇ ವಾಹಿನಿಯಲ್ಲಿ 'ದ ಕಂಪ್ಯೂಟರ್ ಪ್ರೋಗ್ರಾಮ್' ಎಂಬ ಹತ್ತು ಕಂತುಗಳ ಸರಣಿ ಆರಂಭವಾಯಿತು. ನಿರೂಪಕ ಕ್ರಿಸ್ ಸರ್ಲ್ ಏನೂ ತಿಳಿಯದ ವಿದ್ಯಾರ್ಥಿಯ ಜಾಗದಲ್ಲಿ ಕುಳಿತಿದ್ದರು. ಇಯಾನ್ ಮೆಕ್‌ನಾಟ್-ಡೇವಿಸ್ ಪಕ್ಕದಲ್ಲಿದ್ದು ಪಾಠ ಹೇಳುತ್ತಿದ್ದರು. ಅವರ ಮುಂದಿದ್ದದ್ದು ಕೆನೆಬಣ್ಣದ ಒಂದು ಪೆಟ್ಟಿಗೆ, ಅದರ ತುಂಬ ಕಪ್ಪು ಕೀಲಿಗಳು, ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕೆಂಪು ಕೀಲಿಗಳು. ಅದು ಬಿಬಿಸಿ ಮೈಕ್ರೊ. ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ ಈ ಸರಣಿಗೆಂದೇ ತಯಾರಿಸಿಕೊಟ್ಟ ಯಂತ್ರ. ಸರಣಿ 1981ರ ಶರತ್ಕಾಲದಲ್ಲೇ ಪ್ರಸಾರವಾಗಬೇಕಿತ್ತು. ಯಂತ್ರ ಸಿದ್ಧವಾಗಲಿಲ್ಲವೆಂದು ಜನವರಿಗೆ ಮುಂದೂಡಲಾಯಿತು. ಒಂದು ಕಂಪ್ಯೂಟರ್‌ಗಾಗಿ ಟಿವಿ ವಾಹಿನಿಯೊಂದು ತನ್ನ ವೇಳಾಪಟ್ಟಿಯನ್ನೇ ಬದಲಿಸಿಕೊಂಡ ಕಾಲ ಅದು.

ಆ ಕಾಲದ ನೂರಾರು ಕಾರ್ಯಕ್ರಮಗಳು, ಧಾರಾವಾಹಿಗಳು, ಜಾಹೀರಾತುಗಳು ಈಗ ಅಂತರ್ಜಾಲದಲ್ಲಿ ನೋಡಲು ಸಿಗುತ್ತವೆ. ಕತೆ ಸಾಗುತ್ತಿರುವಾಗ ಮೂಲೆಯ ಮೇಜಿನ ಮೇಲೆ ಒಂದು ಯಂತ್ರ ಕಾಣುತ್ತದೆ. ಯಾವುದದು? ಯಾವ ವರ್ಷದ್ದು? ಅದರ ಪರದೆಯ ಮೇಲೆ ಓಡುತ್ತಿರುವುದು ನಿಜವಾದ ಪ್ರೋಗ್ರಾಮೇ, ಸ್ಟುಡಿಯೊದ ಕೈಚಳಕವೇ? ಇದನ್ನು ಊಹಿಸಬೇಕಾಗಿಲ್ಲ, ಸಾಕ್ಷ್ಯ ಮುಂದಿಟ್ಟು ಹೇಳಬಹುದು. ಈ ಕೆಲಸದಲ್ಲಿ ನಾನು ಬಲವಾಗಿ ನಂಬಿರುವ ನಿಯಮ ಒಂದಿದೆ: ಪೆಟ್ಟಿಗೆಯನ್ನೂ ಪರದೆಯ ಮೇಲಿನ ಅಕ್ಷರಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿ, ಎರಡೂ ಒಂದೇ ಹೆಸರು ಹೇಳಿದರೆ ಮಾತ್ರ ಖಚಿತ ಎನ್ನಿ. ಪೆಟ್ಟಿಗೆಗೆ ವೇಷ ಹಾಕಬಹುದು, ಅಕ್ಷರಗಳನ್ನು ಕೈಯಲ್ಲೇ ಬರೆಯಬಹುದು. ಎರಡನ್ನೂ ಒಟ್ಟಿಗೆ, ಒಂದಕ್ಕೊಂದು ಹೊಂದುವಂತೆ ಮರೆಮಾಚುವ ಶ್ರಮವನ್ನು ಟಿವಿಯವರು ಬಹಳ ಅಪರೂಪಕ್ಕೆ ತೆಗೆದುಕೊಂಡಿದ್ದಾರೆ.

ಹಂತ 1: ಕಾಲವನ್ನು ಕಟ್ಟಿಹಾಕಿ

ಮೊದಲು ಆ ಕಂತು ಪ್ರಸಾರವಾದ ದಿನಾಂಕ ಹುಡುಕಿ. ಮಾರುಕಟ್ಟೆಗೆ ಇನ್ನೂ ಬರದ ಯಂತ್ರ ಕಾರ್ಯಕ್ರಮದಲ್ಲಿ ಕಾಣುವುದು ಬಹಳ ಅಪರೂಪ. ಚಿತ್ರೀಕರಣ ಪ್ರಸಾರಕ್ಕಿಂತ ಕೆಲವು ತಿಂಗಳು ಮೊದಲೇ ಆಗಿರುತ್ತದೆ ಎಂಬುದನ್ನೂ ಗಮನದಲ್ಲಿಡಿ. ಇದೊಂದರಿಂದಲೇ ಅರ್ಧದಷ್ಟು ತಪ್ಪು ಊಹೆಗಳು ಉದುರಿಹೋಗುತ್ತವೆ.

ನೆನಪಿನಲ್ಲಿ ಇರಬೇಕಾದ ವರ್ಷಗಳು ಹೆಚ್ಚೇನಿಲ್ಲ. ಅಂಗಡಿಯಲ್ಲಿ ಪೂರ್ತಿ ಜೋಡಿಸಿದ ಸ್ಥಿತಿಯಲ್ಲೇ ಕೊಂಡು ಮನೆಗೆ ತರಬಹುದಾದ ಮೂರು ಯಂತ್ರಗಳು 1977ರಲ್ಲಿ ಬಂದವು: ಆಪಲ್ 2, ಕಮಡೋರ್ ಪೆಟ್, ಟಿಆರ್‌ಎಸ್-80. ಟಿಆರ್‌ಎಸ್-80ಕ್ಕೆ ಪರದೆ ಮತ್ತು ಕ್ಯಾಸೆಟ್ ರೆಕಾರ್ಡರ್ ಸೇರಿ 599.95 ಡಾಲರ್; ಆಪಲ್ 2ಕ್ಕೆ 4 ಕಿಲೊಬೈಟ್ ಸ್ಮೃತಿಯೊಂದಿಗೆ 1298 ಡಾಲರ್, ಪರದೆ ಬೇರೆ. ಅಟಾರಿ 400 ಮತ್ತು 800 ಬಂದದ್ದು 1979ರಲ್ಲಿ. 1980ರಲ್ಲಿ ಬ್ರಿಟನ್ನಿನ ಸಿಂಕ್ಲೇರ್ ಝಡ್‌ಎಕ್ಸ್80 ನೂರು ಪೌಂಡಿನೊಳಗೆ ಸಿಕ್ಕಿತು. ಮರುವರ್ಷ ಬಂದ ಝಡ್‌ಎಕ್ಸ್81ರ ಬೆಲೆ 69.95 ಪೌಂಡ್, ನೀವೇ ಬೆಸುಗೆ ಹಾಕಿಕೊಳ್ಳುವುದಾದರೆ 49.95. ಕಮಡೋರ್ ವಿಕ್-20 ಅಮೆರಿಕದಲ್ಲಿ 1981ರಲ್ಲಿ 300 ಡಾಲರಿಗೆ ಮಾರಾಟಕ್ಕೆ ಬಂತು. ಐಬಿಎಂ ಪಿಸಿಯೂ 1981ರದ್ದೇ. 1982 ಝಡ್‌ಎಕ್ಸ್ ಸ್ಪೆಕ್ಟ್ರಮ್ ಮತ್ತು ಕಮಡೋರ್ 64ರ ವರ್ಷ. 1984ರಲ್ಲಿ ಮ್ಯಾಕಿಂಟಾಷ್ ಬಂತು, ಆಮ್‌ಸ್ಟ್ರಾಡ್ ಸಿಪಿಸಿ464 ಸಹ ಬಂತು.

1977ಕ್ಕಿಂತ ಹಿಂದಿನ ಧಾರಾವಾಹಿಯಲ್ಲಿ ಮಿಣುಕುವ ದೀಪಗಳ ಫಲಕ ಕಂಡರೆ ಅದು ಬಹುತೇಕ ಮನೆಯ ಕಂಪ್ಯೂಟರ್ ಆಗಿರುವುದಿಲ್ಲ. 1966ರ 'ಬ್ಯಾಟ್‌ಮನ್' ಸರಣಿಯ ಬ್ಯಾಟ್‌ಕಂಪ್ಯೂಟರ್‌ನಲ್ಲಿ ಇದ್ದದ್ದು ಬರೋಸ್ 205 ಎಂಬ ದೊಡ್ಡ ಕಂಪ್ಯೂಟರಿನ ಫಲಕಗಳು. ಅದೇ ವರ್ಷದ 'ದ ಟೈಮ್ ಟನಲ್'ನಲ್ಲಿ ಅಮೆರಿಕದ ವಾಯುರಕ್ಷಣಾ ವ್ಯವಸ್ಥೆಯಾಗಿದ್ದ ಸೇಜ್‌ನ ಫಲಕಗಳು ಕಾಣುತ್ತವೆ. ಸೇವೆಯಿಂದ ಕಳಚಿದ ಈ ಫಲಕಗಳು ಹಾಲಿವುಡ್ಡಿನ ಒಂದು ಸೆಟ್ಟಿನಿಂದ ಇನ್ನೊಂದಕ್ಕೆ ದಶಕಗಟ್ಟಲೆ ಓಡಾಡಿವೆ. ಬಿಬಿಸಿಯ 'ಟುಮಾರೋಸ್ ವರ್ಲ್ಡ್' 1967ರಲ್ಲೇ ಒಂದು ಮನೆಯೊಳಗಿನ ಕಂಪ್ಯೂಟರ್ ಟರ್ಮಿನಲ್ಲನ್ನು ತೋರಿಸಿತ್ತು. ಆದರೆ ಅದು ದೂರದಲ್ಲೆಲ್ಲೋ ಇರುವ ದೊಡ್ಡ ಯಂತ್ರದ ಜೊತೆ ಫೋನ್ ತಂತಿಯ ಮೂಲಕ ಮಾತಾಡುವ ಬೆರಳಚ್ಚು ಸಾಧನ. ಮನೆಯಲ್ಲಿ ಕುಳಿತು ಲೆಕ್ಕ ಮಾಡುವ ಯಂತ್ರವಲ್ಲ.

ಹಂತ 2: ದೃಶ್ಯವನ್ನು ನಿಲ್ಲಿಸಿ, ಚೌಕಟ್ಟು ಚೌಕಟ್ಟಾಗಿ ನೋಡಿ

ಯೂಟ್ಯೂಬ್‌ನಲ್ಲಿ ವಿಡಿಯೊ ನಿಲ್ಲಿಸಿದ ಮೇಲೆ ಅಲ್ಪವಿರಾಮದ ಕೀಲಿ ಒತ್ತಿದರೆ ಒಂದು ಚೌಕಟ್ಟು (ಫ್ರೇಮ್) ಹಿಂದಕ್ಕೆ, ಪೂರ್ಣವಿರಾಮದ ಕೀಲಿ ಒತ್ತಿದರೆ ಒಂದು ಚೌಕಟ್ಟು ಮುಂದಕ್ಕೆ ಹೋಗುತ್ತದೆ. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರಿನಲ್ಲಿ ಇಂಗ್ಲಿಷಿನ 'ಇ' ಅಕ್ಷರದ ಕೀಲಿ ಮುಂದಿನ ಚೌಕಟ್ಟಿಗೆ ಒಯ್ಯುತ್ತದೆ. ಕ್ಯಾಮೆರಾ ಅಲುಗಾಡದ, ನಟನ ಕೈ ಕೀಲಿಮಣೆಯಿಂದ ಮೇಲೆದ್ದ ಕ್ಷಣವನ್ನು ಆರಿಸಿ ಚಿತ್ರ ತೆಗೆದಿಟ್ಟುಕೊಳ್ಳಿ. ಹಳೆಯ ವಿಡಿಯೊಗಳಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಾಣುತ್ತಿದ್ದರೆ ವಿಎಲ್‌ಸಿಯ ಡಿಇಂಟರ್‌ಲೇಸ್ ಆಯ್ಕೆಯನ್ನು ಚಾಲೂ ಮಾಡಿ.

ಮುಂದೆ ಹೋಗುವ ಮೊದಲು ಚಿತ್ರ ಎಡಬಲ ತಿರುಗಿದೆಯೇ ಎಂದು ನೋಡಲೇಬೇಕು. ಹಕ್ಕುಸ್ವಾಮ್ಯದ ತಪಾಸಣೆಗೆ ಸಿಗಬಾರದೆಂದು ಕೆಲವರು ವಿಡಿಯೊವನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿ ಏರಿಸಿರುತ್ತಾರೆ. ಆಗ ಕಮಡೋರ್ 64ರ ಬಲಬದಿಯ ಕೀಲಿಗಳು ಎಡಕ್ಕೆ ಬಂದು ಇಡೀ ಗುರುತಿಸುವಿಕೆ ದಿಕ್ಕು ತಪ್ಪುತ್ತದೆ. ಗೋಡೆಯ ಮೇಲಿನ ಫಲಕ, ಪುಸ್ತಕದ ಬೆನ್ನು, ಅಂಗಿಯ ಗುಂಡಿಯ ಬದಿ, ಇವುಗಳಲ್ಲಿ ಯಾವುದಾದರೊಂದು ನಿಜ ಹೇಳುತ್ತದೆ.

ಹಂತ 3: ಪೆಟ್ಟಿಗೆ ಮತ್ತು ಕೀಲಿಗಳು

ಆರಂಭದ ಮನೆ ಕಂಪ್ಯೂಟರ್‌ಗಳನ್ನು ಮೂರು ಆಕಾರಗಳಲ್ಲಿ ವಿಂಗಡಿಸಬಹುದು: ಪರದೆ, ಕೀಲಿಮಣೆ ಎಲ್ಲವೂ ಒಂದೇ ಮೈಯಲ್ಲಿ ಇರುವವು, ಕೀಲಿಮಣೆಯ ಹೊಟ್ಟೆಯೊಳಗೇ ಕಂಪ್ಯೂಟರ್ ಅಡಗಿರುವವು, ಮೂರೂ ಬೇರೆ ಬೇರೆ ಇರುವವು. ನೀವು ಕಾಣುವ ಬಹುಪಾಲು ಯಂತ್ರಗಳು ಎರಡನೆಯ ಬಗೆಯವು. ಪರದೆಯ ಕೆಲಸಕ್ಕೆ ಮನೆಯ ಟಿವಿಯನ್ನೇ ಬಳಸುತ್ತಿದ್ದರು.

ಒಂದೇ ಮೈಯ ಯಂತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು 1977ರ ಕಮಡೋರ್ ಪೆಟ್. ಲೋಹದ ಮೈ, ಮೇಲೆ ಗೋಪುರದಂತೆ ಓರೆಯಾಗಿ ಕಿರಿದಾಗುವ ಪರದೆ, ಕೆಳಗೆ ಕ್ಯಾಲ್ಕುಲೇಟರಿನಂಥ ಪುಟ್ಟ ಚೌಕ ಕೀಲಿಗಳು, ಕೀಲಿಗಳ ಎಡಕ್ಕೆ ಮೈಯಲ್ಲೇ ಕೂರಿಸಿದ ಕ್ಯಾಸೆಟ್ ರೆಕಾರ್ಡರ್. ಈ ಮಾದರಿಯನ್ನು ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ. ಆದರೆ ಪೆಟ್‌ನ ನಂತರದ ಮಾದರಿಗಳಲ್ಲಿ ಕ್ಯಾಸೆಟ್ ಹೊರಗೆ ಹೋಯಿತು, ದೊಡ್ಡ ಕೀಲಿಗಳು ಬಂದವು. 1980ರ ಟಿಆರ್‌ಎಸ್-80 ಮೂರನೇ ಮಾದರಿಯೂ ಒಂದೇ ಮೈಯದು. ಅದರ ಪರದೆಯ ಬಲಕ್ಕೆ ಫ್ಲಾಪಿ ಡ್ರೈವ್‌ಗಳ ಬಾಯಿಗಳು ಇರುತ್ತವೆ.

ಆಪಲ್ 2 ಇಳಿಜಾರಿನ ಬೂದು-ಕೆನೆ ಪೆಟ್ಟಿಗೆ, ಕಂದು ಕೀಲಿಗಳು. ಪೆಟ್ಟಿಗೆಯ ಮೇಲ್ಭಾಗ ಚಪ್ಪಟೆ, ಆದ್ದರಿಂದ ಜನ ಅದರ ಮೇಲೆ ಎರಡು ಫ್ಲಾಪಿ ಡ್ರೈವ್, ಅದರ ಮೇಲೆ ಪರದೆ ಪೇರಿಸಿಡುತ್ತಿದ್ದರು. ದೂರದಿಂದ ಕೀಲಿ ಕಾಣದಿದ್ದರೂ ಈ ಪೇರಿಕೆಯ ಆಕಾರ ಸುಳಿವು ಕೊಡುತ್ತದೆ.

ಕಮಡೋರ್ ವಿಕ್-20 ಮತ್ತು 64ಕ್ಕೆ ಒಂದೇ ಅಚ್ಚಿನ ಪೆಟ್ಟಿಗೆ. ಎರಡರಲ್ಲೂ ಬಲಬದಿಯಲ್ಲಿ ಒಂದರ ಕೆಳಗೊಂದು ನಾಲ್ಕು ಅಗಲ ಕೀಲಿಗಳಿವೆ. ವ್ಯತ್ಯಾಸ ಇರುವುದು ಬಣ್ಣದಲ್ಲಿ: ವಿಕ್-20 ಕೆನೆಬಣ್ಣದ್ದು, ಆ ನಾಲ್ಕು ಕೀಲಿಗಳು ಕಿತ್ತಳೆಯ ಛಾಯೆಯವು, 64ರ ಮೈ ಕಂದುಮಿಶ್ರಿತ ಬೂದು, ನಾಲ್ಕು ಕೀಲಿಗಳೂ ಬೂದು. ಕಪ್ಪುಬಿಳುಪು ಪ್ರತಿಯಲ್ಲಿ ಅಥವಾ ಬಣ್ಣ ಮಾಸಿದ ಟೇಪಿನಲ್ಲಿ ಇವೆರಡನ್ನು ಪೆಟ್ಟಿಗೆಯಿಂದ ಬೇರ್ಪಡಿಸುವುದು ಕಷ್ಟ. ಅದಕ್ಕೇ ಮುಂದಿನ ಹಂತ ಬೇಕಾಗುತ್ತದೆ.

ಸ್ಪೆಕ್ಟ್ರಮ್ ಪುಟ್ಟ ಕಪ್ಪು ಪೆಟ್ಟಿಗೆ, ಬೂದುಬಣ್ಣದ ರಬ್ಬರ್ ಕೀಲಿಗಳು, ಬಲತುದಿಯಲ್ಲಿ ಓರೆಯಾಗಿ ಕೆಂಪು, ಹಳದಿ, ಹಸಿರು, ನೀಲಿ ಪಟ್ಟೆಗಳು. ಝಡ್‌ಎಕ್ಸ್81ಕ್ಕೆ ಕೀಲಿಗಳೇ ಇಲ್ಲ. ಕಪ್ಪು ಹಾಳೆಯ ಮೇಲೆ ಅಚ್ಚು ಹಾಕಿದ ಚೌಕಗಳನ್ನು ಒತ್ತಬೇಕು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಐ-99/4ಎ ಕಪ್ಪು ಮತ್ತು ಬೆಳ್ಳಿಬಣ್ಣದ್ದು, ಬಲಕ್ಕೆ ಕಾರ್ಟ್ರಿಜ್ ತೂರಿಸುವ ಜಾಗ. ಆಮ್‌ಸ್ಟ್ರಾಡ್ ಸಿಪಿಸಿ464 ಉದ್ದನೆಯದು, ಬಲತುದಿಯಲ್ಲೇ ಕ್ಯಾಸೆಟ್ ರೆಕಾರ್ಡರ್, ಬಣ್ಣಬಣ್ಣದ ಕೀಲಿಗಳು. ಐಬಿಎಂ ಪಿಸಿಯ ಕೀಲಿಮಣೆ ಬೇರೆಯೇ ಇರುತ್ತದೆ, ಅದರ ಎಡಬದಿಯಲ್ಲಿ ಎರಡು ಕಂಬಸಾಲುಗಳಲ್ಲಿ ಹತ್ತು ಕೀಲಿಗಳು.

ಬಿಬಿಸಿ ಮೈಕ್ರೊದ ಗುರುತು ಆರಂಭದಲ್ಲೇ ಹೇಳಿದೆ. ಒಂದನ್ನು ಸೇರಿಸಬೇಕು: ಕೀಲಿಮಣೆಯ ಮೇಲ್ಭಾಗದ ಪಟ್ಟಿಯಲ್ಲಿ ಚುಕ್ಕೆಗಳಿಂದ ಮಾಡಿದ ಗೂಬೆಯ ಚಿತ್ರವಿದೆ. ಬಿಬಿಸಿಯ ಕಂಪ್ಯೂಟರ್ ಸಾಕ್ಷರತಾ ಯೋಜನೆಯ ಲಾಂಛನವದು. ಕೆಂಪು ಕೀಲಿಗಳು ಮಸುಕಾಗಿದ್ದರೂ ಗೂಬೆ ಕಂಡರೆ ಸಾಕು.

ಕಂಪನಿಯ ಹೆಸರಿರುವ ಜಾಗದಲ್ಲಿ ಕಪ್ಪು ಟೇಪ್ ಅಂಟಿಸಿರುವುದು ಕಂಡರೆ ನಿರಾಶರಾಗಬೇಡಿ. ಸೆಟ್ಟಿನ ಸಾಮಗ್ರಿ ನೋಡಿಕೊಳ್ಳುವವರು ಜಾಹೀರಾತಾಗಬಾರದೆಂದು ಹಾಗೆ ಮಾಡುತ್ತಿದ್ದರು. ಎಲ್ಲಿ ಟೇಪ್ ಇದೆಯೋ ಅಲ್ಲಿ ಹೆಸರಿತ್ತು ಎಂದಾಯಿತು. ಆ ಹೆಸರು ಯಾವ ಯಂತ್ರದಲ್ಲಿ ಆ ಜಾಗದಲ್ಲಿರುತ್ತದೆ ಎಂದು ನೋಡಿದರೆ ಟೇಪೇ ಸಾಕ್ಷಿ.

ಹಂತ 4: ಅಕ್ಷರಗಳನ್ನು ಎಣಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದಲು ಸಮಯವಿದೆ ಎನ್ನುವವರು ಇದನ್ನು ಓದಿ. ಆಗಿನ ಬಹುಪಾಲು ಯಂತ್ರಗಳಿಗೆ ಪರದೆಯ ಒಂದು ಸಾಲಿನಲ್ಲಿ ಎಷ್ಟು ಅಕ್ಷರ ಹಿಡಿಸಬೇಕು ಎಂಬ ಲೆಕ್ಕ ಯಂತ್ರದೊಳಗೇ ಗಟ್ಟಿಯಾಗಿ ಕೂತಿತ್ತು. ಈಗಿನಂತೆ ಅಕ್ಷರವನ್ನು ದೊಡ್ಡದು ಚಿಕ್ಕದು ಮಾಡುವ ಸ್ವಾತಂತ್ರ್ಯ ಇರಲಿಲ್ಲ. ಆದ್ದರಿಂದ ಸಾಲಿನ ಅಕ್ಷರಗಳ ಎಣಿಕೆ ಯಂತ್ರದ ಜಾತಕ ಹೇಳಿಬಿಡುತ್ತದೆ.

ವಿಕ್-20ರಲ್ಲಿ ಸಾಲಿಗೆ 22 ಅಕ್ಷರ, 23 ಸಾಲು. ಸ್ಪೆಕ್ಟ್ರಮ್ ಮತ್ತು ಝಡ್‌ಎಕ್ಸ್81ರಲ್ಲಿ 32 ಅಕ್ಷರ, 24 ಸಾಲು. ಆಪಲ್ 2ರಲ್ಲಿ 40 ಅಕ್ಷರ, 24 ಸಾಲು. ಪೆಟ್ ಮತ್ತು ಕಮಡೋರ್ 64ರಲ್ಲಿ 40 ಅಕ್ಷರ, 25 ಸಾಲು. ಟಿಆರ್‌ಎಸ್-80ರ ಮೊದಲ ಮಾದರಿಯಲ್ಲಿ 64 ಅಕ್ಷರ, ಆದರೆ 16 ಸಾಲು ಮಾತ್ರ. ಐಬಿಎಂ ಪಿಸಿಯಲ್ಲಿ ಸಾಮಾನ್ಯವಾಗಿ 80 ಅಕ್ಷರ, 25 ಸಾಲು. ಬಿಬಿಸಿ ಮೈಕ್ರೊ ಇದಕ್ಕೆ ಅಪವಾದ: ಅದರಲ್ಲಿ ಹಲವು ಬಗೆಯ ಪರದೆಗಳನ್ನು ಆರಿಸಿಕೊಳ್ಳಬಹುದಿತ್ತು, 20ರಿಂದ 80 ಅಕ್ಷರಗಳವರೆಗೆ. ಆದರೆ ಯಂತ್ರ ಚಾಲೂ ಮಾಡಿದಾಗ ಬರುವುದು 40 ಅಕ್ಷರ, 25 ಸಾಲಿನ ಟೆಲಿಟೆಕ್ಸ್ಟ್ (ಟಿವಿಯಲ್ಲಿ ಬರಹದ ಪುಟ ತೋರಿಸುವ ಪದ್ಧತಿ) ಪರದೆ, ದುಂಡುದುಂಡಾದ ಅಕ್ಷರಗಳು.

ಇಡೀ ಸಾಲು ತುಂಬಿರದಿದ್ದರೆ ಅಳೆಯಿರಿ. ಪರದೆಯ ಒಳಭಾಗ, ಅಂದರೆ ಅಂಚಿನ ಪಟ್ಟಿಯನ್ನು ಬಿಟ್ಟು ಬರಹ ಬರುವ ಜಾಗ, ನಿಮ್ಮ ಚಿತ್ರದಲ್ಲಿ 660 ಪಿಕ್ಸೆಲ್ ಅಗಲವಿದೆ ಎನ್ನೋಣ. ಅದರಲ್ಲಿ ಹತ್ತು ಅಕ್ಷರಗಳ ಒಂದು ತುಣುಕು 300 ಪಿಕ್ಸೆಲ್ ತೆಗೆದುಕೊಂಡಿದ್ದರೆ ಒಂದು ಅಕ್ಷರಕ್ಕೆ 30 ಆಯಿತು. 660ನ್ನು 30ರಿಂದ ಭಾಗಿಸಿ: 22. ವಿಕ್-20. ಅದೇ ತುಣುಕು 165 ಪಿಕ್ಸೆಲ್ ಇದ್ದಿದ್ದರೆ ಉತ್ತರ 40 ಆಗಿ, ಒಂದೇ ಅಚ್ಚಿನ ಪೆಟ್ಟಿಗೆಯ ಅದರ ತಮ್ಮ ಕಮಡೋರ್ 64 ಎಂದಾಗುತ್ತಿತ್ತು. ಹಿಂದಿನ ಹಂತದಲ್ಲಿ ಬಣ್ಣ ಕೈಕೊಟ್ಟಲ್ಲಿ ಇಲ್ಲಿ ಭಾಗಾಕಾರ ಕೈಹಿಡಿಯುತ್ತದೆ. ಕ್ಯಾಮೆರಾ ಓರೆಯಾಗಿದ್ದರೆ ಪರದೆಯ ನಡುಭಾಗದ ಅಕ್ಷರಗಳನ್ನು ಅಳೆಯಬೇಕು, ಮೂಲೆಯವನ್ನಲ್ಲ.

ಎಣಿಕೆಯ ಜೊತೆ ಮೊದಲ ಪರದೆಯನ್ನೂ ನೋಡಿ. ಕಮಡೋರ್ 64 ಚಾಲೂ ಆದಾಗ ಕಡುನೀಲಿಯ ಮೇಲೆ ತಿಳಿನೀಲಿ ಅಕ್ಷರಗಳು, ಅದೇ ತಿಳಿನೀಲಿಯ ಅಂಚು. ಎರಡನೇ ಸಾಲಿನಲ್ಲಿ 38911 ಎಂಬ ಸಂಖ್ಯೆ ಇರುತ್ತದೆ. ಬೇಸಿಕ್ ಭಾಷೆಯ ಪ್ರೋಗ್ರಾಮಿಗೆ ಉಳಿದಿರುವ ಬೈಟುಗಳ ಲೆಕ್ಕವದು. ವಿಕ್-20ರಲ್ಲಿ ಆ ಸಂಖ್ಯೆ 3583, ಪರದೆ ಬಿಳಿ, ಅಕ್ಷರ ನೀಲಿ. ಈ ಎರಡು ಸಂಖ್ಯೆಗಳಲ್ಲಿ ಒಂದು ಓದಲು ಸಿಕ್ಕರೂ ಬೇರೆ ಸಾಕ್ಷ್ಯ ಹುಡುಕುವ ಅಗತ್ಯ ಬಹಳ ಕಡಿಮೆಯಾಗುತ್ತದೆ. ಆಪಲ್ 2ರ ಆಪಲ್‌ಸಾಫ್ಟ್ ಬೇಸಿಕ್‌ನಲ್ಲಿ ಸಾಲಿನ ಆರಂಭಕ್ಕೆ ] ಚಿಹ್ನೆ ನಿಂತಿರುತ್ತದೆ, ಬಿಬಿಸಿಯಲ್ಲಿ > ಚಿಹ್ನೆ. 1983ರ ಆಪಲ್ 2ಇ ಬರುವವರೆಗೆ ಆಪಲ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಸಹಜವಾಗಿ ಬರುತ್ತಿದ್ದವು, ಚಿಕ್ಕಕ್ಷರಕ್ಕೆ ಹೆಚ್ಚುವರಿ ಸಾಧನ ಬೇಕಿತ್ತು.

ಸಿಂಕ್ಲೇರ್ ಯಂತ್ರಗಳಲ್ಲಿ ನಟನ ಬೆರಳನ್ನೂ ಗಮನಿಸಿ. ಬೇಸಿಕ್‌ನ ಆದೇಶಗಳನ್ನು ಅಕ್ಷರ ಅಕ್ಷರವಾಗಿ ಬರೆಯುವಂತಿರಲಿಲ್ಲ. ಝಡ್‌ಎಕ್ಸ್81 ಮತ್ತು ಸ್ಪೆಕ್ಟ್ರಮ್‌ನಲ್ಲಿ ಇಂಗ್ಲಿಷಿನ 'ಪಿ' ಕೀಲಿಯನ್ನು ಒಮ್ಮೆ ಒತ್ತಿದರೆ 'ಪ್ರಿಂಟ್' ಎಂಬ ಇಡೀ ಪದ ಮೂಡುತ್ತಿತ್ತು. ಒಂದು ಒತ್ತಿಗೆ ಒಂದು ಪದ ಬಂದರೆ ಅದು ಸಿಂಕ್ಲೇರ್ ಕುಟುಂಬ. ಪ್ರತಿ ಒತ್ತಿಗೂ ಪರದೆ ಒಂದು ಕ್ಷಣ ಮಾಯವಾಗಿ ಮತ್ತೆ ಬಂದರೆ ಅದರಲ್ಲೂ ಬಹುಶಃ ಝಡ್‌ಎಕ್ಸ್80. ಕೀಲಿ ಓದುವ ಕೆಲಸವನ್ನೂ ಪರದೆ ತೋರಿಸುವ ಕೆಲಸವನ್ನೂ ಒಟ್ಟಿಗೆ ಮಾಡುವ ಶಕ್ತಿ ಆ ಬಡಯಂತ್ರಕ್ಕೆ ಇರಲಿಲ್ಲ. ಪರದೆಯ ಅಂಚಿನಲ್ಲಿ ಹಳದಿ-ನೀಲಿ ಪಟ್ಟೆಗಳು ಓಡುತ್ತಿದ್ದರೆ ಸ್ಪೆಕ್ಟ್ರಮ್ ಕ್ಯಾಸೆಟ್ಟಿನಿಂದ ಪ್ರೋಗ್ರಾಮ್ ಓದಿಕೊಳ್ಳುತ್ತಿದೆ ಎಂದು ಅರ್ಥ.

ಹಂತ 5: ಪರದೆ ನಿಜವೇ ಎಂದು ಕೇಳಿ

ಅಮೆರಿಕದ ಧಾರಾವಾಹಿಗಳಲ್ಲಿ ಬಹಳಷ್ಟನ್ನು ಫಿಲ್ಮಿನಲ್ಲಿ ಚಿತ್ರಿಸುತ್ತಿದ್ದರು, ಸೆಕೆಂಡಿಗೆ 24 ಚೌಕಟ್ಟು. ಅಲ್ಲಿನ ಕಂಪ್ಯೂಟರ್ ಪರದೆ ಸೆಕೆಂಡಿಗೆ ಸುಮಾರು 60 ಸಲ ಹೊಸದಾಗಿ ಮೂಡುತ್ತಿತ್ತು. ಎರಡೂ ಹೊಂದುವುದಿಲ್ಲ. ಹಾಗೇ ಚಿತ್ರಿಸಿದರೆ ಪರದೆಯ ಮೇಲೆ ಕಪ್ಪು ಪಟ್ಟಿಯೊಂದು ಉರುಳುತ್ತಿರುವಂತೆ ಕಾಣುತ್ತದೆ. ಇದನ್ನು ತಪ್ಪಿಸಲು 24ರ ಲೆಕ್ಕಕ್ಕೆ ಹೊಂದುವಂತೆ ಮೊದಲೇ ತಯಾರಿಸಿದ ವಿಡಿಯೊವನ್ನು ಪರದೆಯಲ್ಲಿ ಓಡಿಸುತ್ತಿದ್ದರು. ಆದ್ದರಿಂದ ಫಿಲ್ಮಿನಲ್ಲಿ ಚಿತ್ರಿಸಿದ ಅಮೆರಿಕನ್ ಧಾರಾವಾಹಿಯಲ್ಲಿ ಪರದೆ ಕಲ್ಲಿನಂತೆ ಸ್ಥಿರವಾಗಿ, ಪಟ್ಟಿಯಿಲ್ಲದೆ ಕಂಡರೆ ಅದರ ಮೇಲಿನ ಬರಹ ಮೇಜಿನ ಮೇಲಿರುವ ಯಂತ್ರದ್ದಲ್ಲ ಎಂದು ಶಂಕಿಸಲು ಕಾರಣವಿದೆ. ಪಟ್ಟಿ ಉರುಳುತ್ತಿದ್ದರೆ ಸಂತೋಷಪಡಿ, ಯಂತ್ರ ನಿಜವಾಗಿಯೂ ಕೆಲಸ ಮಾಡುತ್ತಿರುವ ಸಾಧ್ಯತೆ ಹೆಚ್ಚು. ಬ್ರಿಟನ್ನಿನಲ್ಲಿ ಟಿವಿಗೆಂದು ತೆಗೆಯುವ ಫಿಲ್ಮ್ ಸೆಕೆಂಡಿಗೆ 25 ಚೌಕಟ್ಟು, ಪರದೆ 50. ಲೆಕ್ಕ ಸರಿಯಾಗಿ ಕೂಡುವುದರಿಂದ ಅಲ್ಲಿ ಈ ಪರೀಕ್ಷೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ವಿಡಿಯೊ ಕ್ಯಾಮೆರಾದಿಂದ ಸ್ಟುಡಿಯೊದಲ್ಲಿ ತೆಗೆದ ಕಾರ್ಯಕ್ರಮಗಳಿಗೂ ಇದೇ ಮಾತು.

ಇನ್ನೂ ಮುಂದೆ ಹೋಗಿ, ಕಂಪ್ಯೂಟರೇ ಇಲ್ಲದ ಕಂಪ್ಯೂಟರ್ ಚಿತ್ರಗಳೂ ಇವೆ. ಬಿಬಿಸಿಯ 1981ರ 'ದ ಹಿಚ್‌ಹೈಕರ್ಸ್ ಗೈಡ್ ಟು ದ ಗ್ಯಾಲಕ್ಸಿ' ಸರಣಿಯಲ್ಲಿ ಮಾರ್ಗದರ್ಶಿ ಪುಸ್ತಕದ ಪರದೆಯ ಮೇಲೆ ಸಾಲುಸಾಲಾಗಿ ಮೂಡುವ ಅಕ್ಷರಗಳು, ಗೆರೆಚಿತ್ರಗಳು ಅಪ್ಪಟ ಕಂಪ್ಯೂಟರಿನವು ಎನಿಸುತ್ತವೆ. ಅವೆಲ್ಲವನ್ನೂ ರಾಡ್ ಲಾರ್ಡ್ ಮತ್ತು ಅವರ ತಂಡ ಕೈಯಲ್ಲೇ, ಕಾರ್ಟೂನ್ ಮಾಡುವ ಪದ್ಧತಿಯಲ್ಲಿ ತಯಾರಿಸಿದ್ದರು. ಆ ಕೆಲಸವನ್ನು ನಾನು ಅಪಾರ ಗೌರವದಿಂದ ನೋಡುತ್ತೇನೆ. ಆಗಿನ ಯಾವ ಮನೆ ಕಂಪ್ಯೂಟರಿಗೂ ಅಷ್ಟು ನಯವಾದ ಗೆರೆ ಎಳೆಯುವ ಶಕ್ತಿ ಇರಲಿಲ್ಲ. 1985ರಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಬಂದ ಮ್ಯಾಕ್ಸ್ ಹೆಡ್‌ರೂಮ್ ಕಂಪ್ಯೂಟರ್ ಸೃಷ್ಟಿಸಿದ ನಿರೂಪಕ ಎಂದು ಪ್ರಚಾರ ಪಡೆದಿದ್ದ. ಅದು ಮುಖಕ್ಕೆ ಅಚ್ಚು ಅಂಟಿಸಿಕೊಂಡಿದ್ದ ನಟ ಮ್ಯಾಟ್ ಫ್ರೂವರ್.

ಧಾರಾವಾಹಿಯ ಕಾಲ್ಪನಿಕ ಯಂತ್ರಗಳಿಗೆ ಇನ್ನೊಂದು ಎಚ್ಚರಿಕೆ. ಅಮೆರಿಕದ ಸಿಬಿಎಸ್ ವಾಹಿನಿ 1983-84ರಲ್ಲಿ ಪ್ರಸಾರ ಮಾಡಿದ 'ವಿಜ್ ಕಿಡ್ಸ್'ನಲ್ಲಿ ರಿಚಿ ಎಂಬ ಹುಡುಗ ತನ್ನ ಕೋಣೆಯಲ್ಲಿ ರಾಲ್ಫ್ ಎಂಬ ಕಂಪ್ಯೂಟರ್ ಇಟ್ಟುಕೊಂಡು ಅಪರಾಧಗಳನ್ನು ಪತ್ತೆ ಹಚ್ಚುತ್ತಾನೆ. ಅಂಗಡಿಯಲ್ಲಿ ರಾಲ್ಫ್ ಸಿಗುತ್ತಿರಲಿಲ್ಲ, ಅದು ಹಲವು ಸಾಧನಗಳ ಕೂಡಿಕೆ. ಇಂಥ ಕಡೆ "ಈ ಯಂತ್ರ ಯಾವುದು" ಎಂಬ ಪ್ರಶ್ನೆಯನ್ನೇ ಬಿಡಿಸಿ, ಕೀಲಿಮಣೆ ಯಾವುದು, ಪರದೆ ಯಾವುದು, ಮೋಡೆಮ್ ಯಾವುದು ಎಂದು ಒಂದೊಂದಾಗಿ ಕೇಳಬೇಕು.

ಸದ್ದನ್ನು ನಂಬಬೇಡಿ. ಅಕ್ಷರ ಮೂಡಿದಾಗಲೆಲ್ಲ ಬರುವ ಕಿಚ್ ಕಿಚ್ ಶಬ್ದವನ್ನು ಸಂಕಲನದ ಕೋಣೆಯಲ್ಲಿ ಸೇರಿಸಿರುತ್ತಾರೆ. ಬಿಬಿಸಿ ಮೈಕ್ರೊ ಚಾಲೂ ಆಗುವಾಗಿನ ಎರಡು ಸ್ವರದ ಬೀಪ್ ಮಾತ್ರ ಕೆಲವೊಮ್ಮೆ ಸಹಾಯಕ್ಕೆ ಬರುತ್ತದೆ.

ಹಂತ 6: ಖಚಿತವಾಗಿ ಗೊತ್ತಿರುವುದರ ಜೊತೆ ಹೋಲಿಸಿ

ನಿಮ್ಮ ಊಹೆಯನ್ನು ಒರೆಗೆ ಹಚ್ಚಲು ಯಂತ್ರದ ಹೆಸರನ್ನು ಬಾಯಿಬಿಟ್ಟು ಹೇಳುವ ಕಾರ್ಯಕ್ರಮಗಳು ಬೇಕು. ಅಂಥವು ಧಾರಾಳವಾಗಿವೆ. ಸ್ಟುವರ್ಟ್ ಶಿಫೆ ನಡೆಸಿಕೊಟ್ಟ 'ದ ಕಂಪ್ಯೂಟರ್ ಕ್ರಾನಿಕಲ್ಸ್' 1983ರಿಂದ 2002ರವರೆಗೆ ಅಮೆರಿಕದ ಸಾರ್ವಜನಿಕ ವಾಹಿನಿಗಳಲ್ಲಿ ಪ್ರಸಾರವಾಯಿತು. ಆರಂಭದ ವರ್ಷಗಳಲ್ಲಿ ಅವರ ಪಕ್ಕದಲ್ಲಿ ಕೂರುತ್ತಿದ್ದವರು ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ರೂಪಿಸಿದ ಗ್ಯಾರಿ ಕಿಲ್ಡಾಲ್. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಇದರ ಕಂತುಗಳು ಉಚಿತ. ಯಂತ್ರವನ್ನು ಹತ್ತಿರದಿಂದ ತೋರಿಸುತ್ತಾರೆ, ಹೆಸರು ಹೇಳುತ್ತಾರೆ, ಬೆಲೆಯನ್ನೂ ಹೇಳುತ್ತಾರೆ. ಕೆನಡಾದ ಟಿವಿ ಒಂಟಾರಿಯೊ 1983ರಲ್ಲಿ ತಯಾರಿಸಿದ 'ಬಿಟ್ಸ್ ಆಂಡ್ ಬೈಟ್ಸ್' ಕೂಡ ಒಳ್ಳೆಯ ಆಕರ. ಅಲ್ಲೂ ಗೊತ್ತಿರುವವರೊಬ್ಬರು, ಗೊತ್ತಿಲ್ಲದವರೊಬ್ಬರು: ಲೂಬಾ ಗೊಯ್ ಮತ್ತು ಬಿಲ್ಲಿ ವ್ಯಾನ್.

ಬಿಬಿಸಿ ತನ್ನ ಕಂಪ್ಯೂಟರ್ ಸಾಕ್ಷರತಾ ಯೋಜನೆಯ 267 ಕಾರ್ಯಕ್ರಮಗಳನ್ನು 2018ರಲ್ಲಿ ಅಂತರ್ಜಾಲದಲ್ಲಿ ತೆರೆದಿಟ್ಟಿತು. ಅಲ್ಲಿ ತೋರಿಸಿದ ಹಲವು ಪ್ರೋಗ್ರಾಮುಗಳನ್ನು ಬ್ರೌಸರಿನಲ್ಲೇ ಓಡಿಸಿ ನೋಡಬಹುದು. 1983ರ ಅಕ್ಟೋಬರ್ 2ರ ನೇರಪ್ರಸಾರವನ್ನು ಹುಡುಕಿ ನೋಡಿ. ಮೆಕ್‌ನಾಟ್-ಡೇವಿಸ್ ಮತ್ತು ಜಾನ್ ಕಾಲ್ ಟೆಲಿಕಾಂ ಗೋಲ್ಡ್ ಎಂಬ ಸೇವೆಯ ಮೂಲಕ ಇಮೇಲ್ ಎಂದರೇನು ಎಂದು ತೋರಿಸಲು ಹೊರಟಿದ್ದರು. ಖಾತೆಯೊಳಗೆ ಯಾರೋ ಮೊದಲೇ ನುಗ್ಗಿ, ನಿಮ್ಮ ಗುಪ್ತಪದ ಪತ್ತೆ ಹಚ್ಚಿದ್ದೇನೆ ಎಂಬ ಸಂದೇಶವನ್ನೂ ಒಂದು ಪದ್ಯವನ್ನೂ ಬಿಟ್ಟುಹೋಗಿದ್ದರು. ಅದು ಪರದೆಯ ಮೇಲೆ ಸಾಲುಸಾಲಾಗಿ ಬಂದೇ ಬಂತು, ಇಡೀ ದೇಶ ನೋಡುತ್ತಿರುವಾಗ. ಪರದೆ ನಿಜವಾಗಿದ್ದರೆ ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಮಾದರಿ ನನಗೆ ಗೊತ್ತಿಲ್ಲ: ಬರಹ ಬರುವ ವೇಗ ಏರುಪೇರಾಗುತ್ತದೆ, ನಿರೂಪಕರ ಕಣ್ಣು ಪರದೆ ಬಿಟ್ಟು ಕದಲುವುದಿಲ್ಲ.

ಜಾಹೀರಾತುಗಳೂ ಆಕರಗಳೇ. 'ಸ್ಟಾರ್ ಟ್ರೆಕ್' ನಟ ವಿಲಿಯಂ ಶಾಟ್ನರ್ ವಿಕ್-20 ಮಾರಿದ ಜಾಹೀರಾತಿನಲ್ಲಿ ಯಂತ್ರ ಸ್ಪಷ್ಟವಾಗಿ ಕಾಣುತ್ತದೆ. 1984ರ ಜನವರಿ 22ರ ಸೂಪರ್ ಬೌಲ್ ಪಂದ್ಯದ ವೇಳೆ ಬಂದ ಆಪಲ್‌ನ ಪ್ರಸಿದ್ಧ ಜಾಹೀರಾತಿನಲ್ಲಿ ಮಾತ್ರ ಯಂತ್ರವನ್ನು ಹುಡುಕಲು ಹೋಗಬೇಡಿ. ಮ್ಯಾಕಿಂಟಾಷ್ ಅಲ್ಲಿ ಬರುವುದೇ ಇಲ್ಲ.

ಕೊನೆಯ ಒರೆಗಲ್ಲು ಎಮ್ಯುಲೇಟರ್, ಅಂದರೆ ಹಳೆಯ ಯಂತ್ರವನ್ನು ಈಗಿನ ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶ. ಕಮಡೋರ್ ಯಂತ್ರಗಳಿಗೆ ವೈಸ್, ಬಿಬಿಸಿ ಮೈಕ್ರೊಗೆ ಬ್ರೌಸರಿನಲ್ಲೇ ಓಡುವ ಜೆಎಸ್‌ಬೀಬ್, ಸ್ಪೆಕ್ಟ್ರಮ್‌ಗೆ ಫ್ಯೂಸ್, ಎಲ್ಲವೂ ಉಚಿತ. ಧಾರಾವಾಹಿಯ ಪರದೆಯಲ್ಲಿ ಕಂಡ ಸಾಲುಗಳನ್ನೇ ಅಲ್ಲಿ ಟೈಪ್ ಮಾಡಿ, ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡಿ. ಸೊನ್ನೆಯ ಒಳಗೆ ಓರೆಗೆರೆ ಇದೆಯೇ, ಕರ್ಸರ್ ತುಂಬಿದ ಚೌಕವೇ ಅಡಿಗೆರೆಯೇ, ಇಂಥವನ್ನು ಹೊಂದಿಸಿ ನೋಡಿ. ಆಮೇಲಷ್ಟೇ 'ಸ್ಟಾರಿಂಗ್ ದ ಕಂಪ್ಯೂಟರ್' ಎಂಬ ಜಾಲತಾಣ ತೆರೆಯಿರಿ. ಸಿನಿಮಾ, ಧಾರಾವಾಹಿಗಳಲ್ಲಿ ಬಂದ ಕಂಪ್ಯೂಟರ್‌ಗಳನ್ನು ಅಲ್ಲಿ ಚಿತ್ರಸಹಿತ ದಾಖಲಿಸಿದ್ದಾರೆ. ಮೊದಲೇ ಅದನ್ನು ತೆರೆದರೆ ಅಲ್ಲಿನ ಹೆಸರೇ ಕಣ್ಣಲ್ಲಿ ಕೂತು, ನಿಮ್ಮ ಎಣಿಕೆ ಆ ಕಡೆಗೇ ವಾಲುತ್ತದೆ.

ಹಂತ 7: ಬರೆದಿಡಿ

ಕಂತಿನ ಹೆಸರು, ಪ್ರಸಾರದ ದಿನಾಂಕ, ದೃಶ್ಯದ ನಿಮಿಷ ಮತ್ತು ಸೆಕೆಂಡು, ಪೆಟ್ಟಿಗೆ ಏನು ಹೇಳಿತು, ಅಕ್ಷರ ಏನು ಹೇಳಿತು. ಎರಡೂ ಕೂಡಿದರೆ "ಖಚಿತ", ಒಂದೇ ಇದ್ದರೆ "ಸಂಭವ". ಇಷ್ಟು ಸಾಕು.

ನಮ್ಮ ದೂರದರ್ಶನದ ಹಳೆಯ ಕಾರ್ಯಕ್ರಮಗಳಿಗೆ

ಭಾರತದ ಮಟ್ಟಿಗೆ ಈ ಕೆಲಸ ಇನ್ನೂ ಆಗಬೇಕಿದೆ, ಮಾಡಬಲ್ಲವರು ನಾವೇ. ಆರಂಭಿಸಲು ಒಂದು ಗಟ್ಟಿ ಸುಳಿವು ಇದೆ. ಕೇಂದ್ರ ಸರ್ಕಾರ 1984-85ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣ ಕೊಡುವ ಕ್ಲಾಸ್ ಯೋಜನೆಯನ್ನು 250 ಶಾಲೆಗಳಲ್ಲಿ ಶುರು ಮಾಡಿದಾಗ ಆರಿಸಿಕೊಂಡದ್ದು ಬಿಬಿಸಿ ಮೈಕ್ರೊವನ್ನೇ. ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಸಂಸ್ಥೆ ಅದೇ ಯಂತ್ರವನ್ನು ಯುನಿಕಾರ್ನ್ ಎಂಬ ಹೆಸರಿನಲ್ಲಿ ಇಲ್ಲಿ ಹೊರತಂದಿತು. ಹಾಗಾಗಿ ಎಂಬತ್ತರ ದಶಕದ ಕೊನೆಯ ಯಾವುದೇ ದೂರದರ್ಶನ ಕಾರ್ಯಕ್ರಮದಲ್ಲಿ, ವಾರ್ತಾ ತುಣುಕಿನಲ್ಲಿ ಶಾಲೆಯ ಕಂಪ್ಯೂಟರ್ ಕೋಣೆ ಬಂದರೆ ಮೊದಲು ಮೇಲಿನ ಸಾಲಿನ ಕೆಂಪು ಕೀಲಿಗಳನ್ನು ಹುಡುಕಿ. ಆ ಶಾಲೆಗಳಲ್ಲಿ ಓದಿದವರು ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಇದ್ದರೆ ಚಿತ್ರ ತೋರಿಸಿ ಕೇಳಿ, ಬೆರಳಿಗೆ ನೆನಪಿರುತ್ತದೆ.

ಇನ್ನೊಂದು 1989ರ 'ಇಂದ್ರಧನುಷ್'. ಆನಂದ್ ಮಹೇಂದ್ರೂ ನಿರ್ದೇಶನದ ಈ ಮಕ್ಕಳ ಧಾರಾವಾಹಿಯಲ್ಲಿ ನಮ್ಮ ಗಿರೀಶ ಕಾರ್ನಾಡರೂ ನಟಿಸಿದ್ದರು. ಮಕ್ಕಳು ಸೇರಿ ಕಂಪ್ಯೂಟರ್ ಒಂದನ್ನು ಜೋಡಿಸುತ್ತಾರೆ, ಅದು ಕಾಲಯಂತ್ರವಾಗುತ್ತದೆ. ರಾಲ್ಫ್‌ಗೆ ಹೇಳಿದ ಎಚ್ಚರಿಕೆ ಇಲ್ಲಿಗೂ ಅನ್ವಯಿಸುತ್ತದೆ: ಕೀಲಿಮಣೆ, ಪರದೆ, ಉಳಿದ ಭಾಗಗಳನ್ನು ಬೇರೆ ಬೇರೆಯಾಗಿ ನೋಡಿ, ಪರದೆ ಕಾಣುವ ಪ್ರತಿ ದೃಶ್ಯದಲ್ಲೂ ಅಕ್ಷರ ಎಣಿಸಿ.

ಮನೆಯ ಅಟ್ಟದಲ್ಲಿ ಆಗಿನ ದೂರದರ್ಶನ ಕಾರ್ಯಕ್ರಮಗಳನ್ನು ರೆಕಾರ್ಡ್ ಮಾಡಿಟ್ಟ ವಿಎಚ್‌ಎಸ್ ಕ್ಯಾಸೆಟ್ ಇದ್ದರೆ ಅದನ್ನು ಡಿಜಿಟಲ್ ಮಾಡಿಸುವಾಗ ಎರಡು ಮಾತು ಹೇಳಿ. ಸೆಕೆಂಡಿಗೆ 25 ಚೌಕಟ್ಟುಗಳನ್ನು ಹಾಗೇ ಉಳಿಸಬೇಕು, 30ಕ್ಕೆ ಬದಲಿಸಬಾರದು. ಬದಲಿಸಿದರೆ ಚೌಕಟ್ಟುಗಳು ಒಂದರೊಳಗೊಂದು ಬೆರೆತು ಪರದೆಯ ಅಕ್ಷರಗಳು ಓದಲು ಸಿಗುವುದಿಲ್ಲ. ಎರಡನೆಯದು, ನಡುವೆ ಬರುವ ಜಾಹೀರಾತು, ವಾರ್ತೆ, ಹವಾಮಾನ ವರದಿ ಯಾವುದನ್ನೂ ಕತ್ತರಿಸಬಾರದು. ಕ್ಯಾಸೆಟ್ಟಿನ ಮೇಲೆ ದಿನಾಂಕ ಬರೆದಿರದಿದ್ದರೂ ಅವುಗಳಿಂದ ಪ್ರಸಾರದ ವಾರವನ್ನು ಕಂಡುಹಿಡಿಯಬಹುದು.